ಬಾಲದ ಅಂಗಿ

ಆ ದಿನ ಸಂಜೆ ದೀಪ ಹಚ್ಚುವಾಗ ವಿಠೋಬನಿಗೆ ಏನು ಹೇಳಿದೆನೋ ಅದನ್ನೇ ನಿಮಗೂ ಹೇಳುತ್ತೇನೆ. ಅವನ ಮುಂದೆ ಒಂದು, ಜನರ ಮುಂದೆ ಇನ್ನೊಂದು ಹೇಳುವುದನ್ನು ನಮ್ಮಪ್ಪ ಕಲಿಸಲಿಲ್ಲ.

ನನ್ನ ಹೆಸರು ಶೇವಂತಾ. ಪುಣೆಯಲ್ಲಿ, ಪರ್ವತಿ ಗುಡ್ಡದ ಬುಡದ ವಸಾಹತಿನಲ್ಲಿ, ಅಣ್ಣನ ಮನೆಯಲ್ಲಿದ್ದೇನೆ. ಸೀರೆಗಳಿಗೆ ಫಾಲ್ ಹೊಲಿಯುತ್ತೇನೆ. ನಡೆಯಲು ಕಲಿಯುವ ಮೊದಲೇ ಪೋಲಿಯೋ ಬಂತು. ಕಾಲುಗಳು ಇವೆ, ಹೊತ್ತುಕೊಂಡು ತಿರುಗುತ್ತೇನೆ. ಅದಕ್ಕಾಗಿ ಅಳುವ ವಯಸ್ಸು ದಾಟಿದೆ. ನಾನು ಹೇಳಬೇಕಾದದ್ದು ಕಾಲಿನ ಮಾತಲ್ಲ. ಸೈಕಲ್ಲಿನ ಮಾತು.

ನನ್ನದು ಮೂರು ಗಾಲಿಯ ಸೈಕಲ್. ಪೆಡಲು ಎದೆಯ ಮುಂದಿದೆ. ಎರಡೂ ಕೈಯಿಂದ ತಿರುಗಿಸಬೇಕು. ಭವಾನಿ ಪೇಟೆಯ ಯಾಕೂಬ್ ಚಾಚಾ ಅದನ್ನು ಬೆಸುಗೆ ಹಾಕಿ ಕೊಟ್ಟದ್ದು. ಅದರಲ್ಲಿ ಕೂತರೆ ನಾನು ಯಾರ ಮೇಲೂ ಭಾರವಲ್ಲ. ಅದರಿಂದ ಇಳಿಸಿದರೆ ನಾನು ಮೂಟೆ.

ನಮ್ಮ ಪಟ್ಟಣದ ಒಂದು ಸೈಕಲ್ ಸಂಘ ಪ್ರತಿ ವರ್ಷ ಚಳಿಗಾಲದ ಒಂದು ಭಾನುವಾರ 'ಎಲ್ಲರ ಸವಾರಿ' ನಡೆಸುತ್ತದೆ. ಕುರುಡರು, ಕುಂಟರು, ಕಿವುಡರು, ಮುದುಕರು, ಮಕ್ಕಳು, ಎಲ್ಲರೂ ಜೊತೆಗೆ ಸೈಕಲ್ ಹೊಡೆಯಬೇಕು. ಸಂಘದ ಯಜಮಾನ ನಚಿಕೇತ್ ಸರ್. ಹೊರಡುವ ಮೊದಲು ಅವರು ಮೈಕಿನಲ್ಲಿ "ಯಾರನ್ನೂ?" ಎಂದು ಕೂಗುತ್ತಾರೆ. ಜನ "ಬಿಟ್ಟು ಹೋಗೋದಿಲ್ಲ!" ಎಂದು ಕೂಗುತ್ತಾರೆ.

ಇದಕ್ಕೊಂದು ಕಟ್ಟಳೆಯೂ ಉಂಟು. ಸವಾರಿಗೆ ಒಂದು ತಲೆ, ಒಂದು ಬಾಲ. ಬಾಲದ ಸವಾರನಿಗೆ ಕಿತ್ತಳೆ ಬಣ್ಣದ ತೋಳಿಲ್ಲದ ಅಂಗಿ. ಆ ಅಂಗಿಯವನ ಹಿಂದೆ ಯಾರೂ ಉಳಿಯಬಾರದು. ಅತಿ ನಿಧಾನದವನ ಹಿಂದೆ ಅವನು ಇರಬೇಕು. ಅಂಗಿ ದಾಟಿದ ಮೇಲೆ ಪೊಲೀಸರು ಅಡ್ಡಗಟ್ಟೆ ಸರಿಸಿ ಬಸ್ಸು ಕಾರು ಬಿಡುತ್ತಾರೆ. ಅಂಗಿ ಮುಕ್ತಾಯದ ಕಮಾನಿನ ಕೆಳಗೆ ನುಗ್ಗುವ ತನಕ ಸವಾರಿ ಮುಗಿದಂತಲ್ಲ.

ಕೇಳಲು ಎಷ್ಟು ಚೆಂದ. ನಮ್ಮಪ್ಪ ಪಂಢರಪುರಕ್ಕೆ ಭಜನೆ ಮಾಡುತ್ತ ನಡೆದು ಹೋಗುವ ದಿಂಡಿಯಲ್ಲಿ ವೀಣೆ ಹೊರುತ್ತಿದ್ದ. ನನ್ನನ್ನು ಬೆನ್ನಿಗೆ ಕಟ್ಟಿಕೊಂಡು, ಎದೆಗೆ ವೀಣೆ ಹಿಡಿದು ನಡೆಯುತ್ತಿದ್ದ. ವೀಣೆ ನೆಲಕ್ಕೆ ತಾಗಬಾರದು. ಅವನಿಗೆ ನೀರಡಿಸಿದರೆ ಇನ್ನೊಬ್ಬ ಬಂದು ಅವನ ಕಾಲು ಮುಟ್ಟಿ ವೀಣೆ ತೆಗೆದುಕೊಳ್ಳಬೇಕು. ತೆಗೆದುಕೊಂಡವನು ಅದೇ ಜಾಗದಲ್ಲಿ ನಡೆಯಬೇಕು. ನಮ್ಮ ದಿಂಡಿಯಲ್ಲಿ ಕೊನೆಯ ಮುದುಕಿ ಬಂದು ಕೂತ ಮೇಲೇ ಸಂಜೆಯ ಆರತಿ. ಬಾಲದ ಅಂಗಿಯ ಮಾತು ಕೇಳಿದಾಗ ನನಗೆ ಆ ವೀಣೆಯೇ ನೆನಪಾಯಿತು. ನಂಬಿ ಹೋದೆ.

ಹೋದ ವರ್ಷ ನನ್ನನ್ನು ಮುಂದಿನ ಸಾಲಿನಲ್ಲಿ ನಿಲ್ಲಿಸಿದರು. ಹಾರ ಹಾಕಿದರು. ಬಾವುಟ ಬೀಸಿದರು. ಫೋಟೋ ತೆಗೆದರು. ಮೊದಲ ಚೌಕ ಬಂತು. ಅಲ್ಲೊಂದು ಟೆಂಪೋ ನಿಂತಿತ್ತು. ಇಬ್ಬರು ಹುಡುಗರು ನನ್ನನ್ನು ಕೇಳಲೇ ಇಲ್ಲ. ಕಂಕುಳಿಗೆ ಕೈ ಹಾಕಿ ಎತ್ತಿದರು. ಒಬ್ಬನ ಕೈ ತಾಗಬಾರದ ಕಡೆ ತಾಗಿತು. ಅದು ಅವನಿಗೆ ಗೊತ್ತೂ ಆಗಲಿಲ್ಲ. ಮೂಟೆ ಹೊರುವವನಿಗೆ ಮೂಟೆಯ ಮೈ ಎಲ್ಲಿ ಗೊತ್ತಾಗುತ್ತದೆ? ನೀರಿನ ಬಾಟಲಿಗಳ ನಡುವೆ ಕೂರಿಸಿದರು. "ಇಳಿಸ್ರಪ್ಪಾ, ನಾನು ಹೊಡೀತೀನಿ" ಎಂದೆ. "ಆರಾಮಾಗಿ ಕೂತ್ಕೊಳ್ಳಿ ಅಕ್ಕ, ಯಾಕೆ ಕಷ್ಟ" ಎಂದರು. ಕಮಾನಿನ ಆಚೆ ಇಳಿಸಿ ಕೊರಳಿಗೆ ಪದಕ ಹಾಕಿದರು. ಯಾರನ್ನೂ ಬಿಟ್ಟು ಬರಲಿಲ್ಲ ಎಂದು ಮೈಕಿನಲ್ಲಿ ಹೇಳಿದರು. ಹೌದು. ಎತ್ತಿಕೊಂಡು ಬಂದಿದ್ದರು.

ಆ ಪದಕವನ್ನು ನಮ್ಮ ಮನೆಯ ಕಿಟಕಿಯ ಬಾಗಿಲಿಗೆ ಕಟ್ಟಿದ್ದೇನೆ. ಗಾಳಿಗೆ ಬಡಿದುಕೊಳ್ಳದಿರಲಿ ಎಂದು. ತೂಕ ಚೆನ್ನಾಗಿದೆ.

ನಮ್ಮ ಓಣಿಯ ಬಾಬನ್‌ನ ಪಾಡು ಇನ್ನೊಂದು ಬಗೆ. ಅವನು ಹುಟ್ಟುಕುರುಡ. ಕುರ್ಚಿಗಳಿಗೆ ಬೆತ್ತ ಹೆಣೆಯುತ್ತಾನೆ. ಅವನನ್ನು ಇಬ್ಬರು ಹೊಡೆಯುವ ಜೋಡಿ ಸೈಕಲ್ಲಿನ ಹಿಂದೆ ಕೂರಿಸಿದರು. ಮುಂದೆ ಸಂಘದ ಹುಡುಗ. ಬಾಬನ್ ಜೋರಾಗಿ ತುಳಿದ. ಹುಡುಗ ತಿರುಗಿ, "ಕಾಕಾ, ನೀವು ಕಾಲು ಮೇಲಿಟ್ಟು ಸುಮ್ನೆ ಕೂತ್ಕೊಳ್ಳಿ, ನನ್ನ ಲಯ ಕೆಡ್ತಿದೆ" ಎಂದನಂತೆ. ಕುರುಡ ಕಾಲು ಮಡಚಿ ಕೂತ. ಮನೆಗೆ ಬಂದು ಹೇಳಿದ, "ಶೇವಂತಾ, ನಿನಗೆ ಕಾಲಿಲ್ಲ ಅಂತ ಎತ್ತಿದರು. ನನಗೆ ಕಾಲಿದೆ ಅಂತ ಬೈದರು. ಇವರಿಗೆ ಯಾವ ಥರ ಅಂಗವಿಕಲರು ಬೇಕೋ ಒಮ್ಮೆ ಕೇಳಬೇಕು."

ಈ ವರ್ಷ ನನಗೆ ಒಂದೇ ಹಟ. ಹೊರಡುವ ಗೆರೆಯಿಂದ ಮುಕ್ತಾಯದ ಕಮಾನಿನ ತನಕ ನನ್ನ ಕೈಯಿಂದಲೇ ಹೋಗಬೇಕು. ಯಾರೂ ಎತ್ತಬಾರದು.

ಮಳೆಗಾಲ ಮುಗಿದದ್ದೇ ಅಭ್ಯಾಸ ಶುರು ಮಾಡಿದೆವು. ಯಾಕೂಬ್ ಚಾಚಾ ಬಾಬನ್‌ನ ಜೋಡಿ ಸೈಕಲ್ಲಿಗೆ ಮುಂದಾಳಾದರು. ಅವರ ಒಂದು ಮೊಣಕಾಲು ಮಡಚುವಾಗ ಕಟಕಟ ಎನ್ನುತ್ತದೆ. ಬೆಳಗಾಗುತ್ತಲೇ ಕಾಲುವೆಯ ರಸ್ತೆಗೆ ಹೋಗುತ್ತಿದ್ದೆವು. ಮೊದಲ ವಾರ ನನ್ನ ಅಂಗೈ ಬೊಬ್ಬೆ ಬಂದು ಒಡೆಯಿತು. ಆಮೇಲೆ ಹೆಗಲಿನ ಮೂಳೆ ಒಳಗಿಂದ ಸುಡತೊಡಗಿತು. ಸೂಜಿಗೆ ದಾರ ಪೋಣಿಸಲು ಹೋದರೆ ಕೈ ನಡುಗುತ್ತಿತ್ತು. ಅತ್ತಿಗೆ ಭಾಕ್ರಿ ತಟ್ಟುತ್ತ ನೋಡುತ್ತಿದ್ದಳು.

"ಮತ್ತೆ ಫೋಟೋಗೆ ತಯಾರಿನಾ? ಕಿಟಕಿ ಇನ್ನೊಂದಿದೆ, ಅದಕ್ಕೂ ಒಂದು ಪದಕ ತಾ."

"ತರ್ತೀನಿ. ನಿನ್ನ ಬಾಯಿಗೂ ಒಂದು ಕಟ್ತೀನಿ."

ಅತ್ತಿಗೆ ನಕ್ಕಳು. ರಾತ್ರಿ ಕೇಳದೆಯೇ ಬಂದು ಹೆಗಲಿಗೆ ಎಣ್ಣೆ ತಿಕ್ಕಿದಳು.

ಕೂಗುಗಳನ್ನೂ ಕಲಿತೆವು. ಗುಂಪಿನಲ್ಲಿ ಹೋಗುವಾಗ ಮುಂದಿನವನು ಗುಂಡಿ ಕಂಡರೆ "ಗುಂಡಿ!" ಎನ್ನಬೇಕು. ಹಿಂದಿನವನು ಅದನ್ನೇ ತನ್ನ ಹಿಂದಿನವನಿಗೆ ಕೂಗಬೇಕು. ಬಾಬನ್ ಅದನ್ನು ಜೀವ ಬಿಟ್ಟು ಕಲಿತ. ಒಂದು ಬೆಳಗ್ಗೆ ಚಾಚಾ ಏನೂ ಹೇಳುವ ಮೊದಲೇ ಬಾಬನ್ "ಎಮ್ಮೆ!" ಎಂದು ಕೂಗಿದ.

"ಎಲ್ಲಿಯ ಎಮ್ಮೆನೋ ನಿಂಗೆ ಕಂಡದ್ದು?" ಎಂದರು ಚಾಚಾ.

"ಮೂಗಿಗೆ ಕಂಡಿತು ಚಾಚಾ. ನೀವು ಕಣ್ಣಿದ್ದವರು, ನಿಧಾನ."

ತಿರುವಿನಾಚೆ ಎಮ್ಮೆಗಳು ನಿಂತಿದ್ದವು.

ಆ ಭಾನುವಾರದ ಹಿಂದಿನ ಸಂಜೆಯಿಂದ ನಾನು ನೀರು ಕುಡಿಯಲಿಲ್ಲ. ಸಂಘದವರು ತಂದಿಡುವ ಪಾಯಖಾನೆಗಳಿಗೆ ಮೆಟ್ಟಿಲಿವೆ. ಎಲ್ಲರ ಸವಾರಿ. ಎಲ್ಲರ ಪಾಯಖಾನೆ ಅಲ್ಲ. ಬಾಯಿ ಒಣಗಿಸಿಕೊಂಡು, ಸವಾರಿ ಹೊರಡುವ ಸಾರಸ್‌ಬಾಗ್ ತೋಟದ ಮುಂದೆ ಹೋಗಿ ನಿಂತೆ.

ತೆಳ್ಳನೆಯ ಸೈಕಲ್ಲುಗಳು, ಹೊಳೆಯುವ ಶಿರಸ್ತ್ರಾಣಗಳು, ಮೈಗಂಟಿದ ಬಟ್ಟೆಗಳು. ನನಗೆ ಮತ್ತೆ ಮುಂದಿನ ಸಾಲು. ಪತ್ರಿಕೆಯವರು ಬಂದರು. ನಚಿಕೇತ್ ಸರ್ ನನ್ನ ಬೂದು ಸ್ವೆಟರ್ ನೋಡಿದರು. ಅವರ ಮುಖ ಸಪ್ಪಗಾಯಿತು.

"ಫೋಟೋದಲ್ಲಿ ಏನೂ ಕಾಣ್ಸಲ್ಲ ಅಕ್ಕ. ಬಣ್ಣ ಬೇಕು. ಮೃಣ್ಮಯೀ, ಆ ನಿನ್ನ ಅಂಗಿ ಕೊಡು ಒಂದು ನಿಮಿಷ."

ಮೃಣ್ಮಯಿ ಈ ವರ್ಷದ ಬಾಲ. ಕಾಲೇಜು ಹುಡುಗಿ. ಅಂಗಿ ಬಿಚ್ಚಿ ಕೊಟ್ಟಳು. ಸರ್ ತಾವೇ ಅದನ್ನು ನನ್ನ ತಲೆಯ ಮೇಲಿಂದ ಇಳಿಸಿದರು, ದೇವರಿಗೆ ಅಂಗಿ ತೊಡಿಸಿದ ಹಾಗೆ. "ವಾಹ್! ನಗಿ ಅಕ್ಕ, ನಗಿ." ನಗಲಿಲ್ಲ. ಫೋಟೋ ತೆಗೆದರು. ಮುಖ್ಯ ಅತಿಥಿಗೆ ಅವಸರವಿತ್ತು. ಫೋಟೋ ಮುಗಿಯುವ ಮೊದಲೇ ಬಾವುಟ ಬೀಸಿಬಿಟ್ಟರು. "ಯಾರನ್ನೂ?" "ಬಿಟ್ಟು ಹೋಗೋದಿಲ್ಲ!" ನೂರಾರು ಸೈಕಲ್ಲು ನನ್ನ ಎರಡೂ ಪಕ್ಕದಿಂದ ನೀರಿನಂತೆ ಹರಿದು ಹೋದವು. ಜನದ ರಭಸದಲ್ಲಿ ಮೃಣ್ಮಯಿಯೂ ಕೊಚ್ಚಿಕೊಂಡು ಹೋದಳು.

ಅಂಗಿ ನನ್ನ ಮೈಮೇಲೆ ಉಳಿಯಿತು.

ಪೆಡಲಿಗೆ ಕೈ ಹಾಕಿದೆ. ವಿಠ್ಠಲಾ ಎಂದೆ. ತಿರುಗಿಸಿದೆ. ನನ್ನ ಹಿಂದೆ ಮೋಟಾರ್ ಸೈಕಲ್ಲಿನಲ್ಲಿ ಹವಾಲ್ದಾರ್ ಜಗದಾಳೆ. ಪಕ್ಕದಲ್ಲಿ ಜೋಡಿ ಸೈಕಲ್ಲು, ಚಾಚಾನ ಕಟಕಟ, ಬಾಬನ್‌ನ ಉಸಿರು.

ಮೊದಲ ಚೌಕ. ಟೆಂಪೋ. ಅದೇ ಟೆಂಪೋ ಇರಬೇಕು. ಹುಡುಗರು ಬೇರೆ. ಕೈಗೆ ರಬ್ಬರಿನ ಗವಸು ಹಾಕಿಕೊಂಡಿದ್ದರು ಈ ಸಲ.

"ಬನ್ನಿ ಅಕ್ಕ. ಚೆನ್ನಾಗಿ ಹೊಡೆದ್ರಿ. ಸಾಕು."

"ಸಾಕು ಅಂತ ನಾನು ಹೇಳಬೇಕು."

"ಅಲ್ಲ ಅಕ್ಕ, ಮುಂದೆ ಸೇತುವೆ ಇದೆ. ಆಗಲ್ಲ."

"ನಿನಗೆ ಆಗಲ್ವಾ? ನೀನು ಟೆಂಪೋ ಹತ್ತು. ಕೈ ಹಚ್ಚಬೇಡ. ಹಚ್ಚಿದರೆ ಕಚ್ತೀನಿ. ನಿಜವಾಗಿ ಕಚ್ತೀನಿ."

ಹುಡುಗರು ಒಂದು ಹೆಜ್ಜೆ ಹಿಂದೆ ಸರಿದರು. ಅಷ್ಟರಲ್ಲಿ ಮೃಣ್ಮಯಿ ಏದುಸಿರು ಬಿಡುತ್ತ ಎದುರಿನಿಂದ ಬಂದಳು. ಕಿವಿಗೆ ಫೋನು.

"ಅಕ್ಕ, ಸಾರಿ, ಆ ಅಂಗಿ ನಂದು. ಕೊಡಿ ಪ್ಲೀಸ್. ಸರ್ ಬೈತಿದ್ದಾರೆ."

"ಕೊಟ್ಟರೆ ನೀನು ಎಲ್ಲಿ ಹೋಗ್ತೀಯಾ?"

"ಗುಂಪಿನ ಹಿಂದೆ. ಅವರೆಲ್ಲ ಸೇತುವೆ ದಾಟಿಬಿಟ್ರು."

"ನಾನು?"

ಹುಡುಗಿ ಟೆಂಪೋ ನೋಡಿದಳು. ನನ್ನನ್ನು ನೋಡಿದಳು.

ನನಗೆ ಅಲ್ಲಿ ಎಲ್ಲ ತಿಳಿಯಿತು. ಅಂಗಿ ಅವಳ ಮೈಮೇಲೆ ಹೋದ ಕ್ಷಣ ಹವಾಲ್ದಾರ ಅವಳ ಹಿಂದೆ ಹೋಗುತ್ತಾನೆ. ಅಡ್ಡಗಟ್ಟೆ ಸರಿಯುತ್ತದೆ. ಬಸ್ಸುಗಳು ನನ್ನ ಮೇಲೆ ಬರುತ್ತವೆ. ಆಗ ನಾನೇ ಟೆಂಪೋ ಹತ್ತಿಸಿ ಎಂದು ಬೇಡಬೇಕು. ಯಾರೂ ಒತ್ತಾಯ ಮಾಡಿದಂತೆಯೂ ಆಗುವುದಿಲ್ಲ.

"ಈ ಅಂಗಿಯವರ ಹಿಂದೆ ಯಾರೂ ಉಳಿಯಬಾರದು. ನಿಮ್ಮದೇ ಕಟ್ಟಳೆ. ನನ್ನ ಹಿಂದೆ ಯಾರಾದರೂ ಇದ್ದಾರಾ ನೋಡು."

"ಇಲ್ಲ."

"ಹಾಗಾದರೆ ಬಾಲ ನಾನೇ. ನಿನಗೆ ಅಂಗಿ ಬೇಕಿದ್ದರೆ ನನ್ನ ಹಿಂದೆ ಬಾ, ಕೊಡ್ತೀನಿ. ಮುಂದೆ ಓಡೋರಿಗೆ ಕೊಡಲ್ಲ."

ಅವಳು ಫೋನಿನಲ್ಲಿ ಏನೋ ಹೇಳಿದಳು. ಫೋನಿನಿಂದ ಬಂದ ಕೂಗು ನಮಗೂ ಕೇಳಿಸಿತು. ಬಾಬನ್ ಹಿಂದಿನ ಸೀಟಿನಿಂದ ಹವಾಲ್ದಾರನಿಗೆ ಕೇಳಿದ, "ಸಾಹೇಬ್ರೆ, ನಿಮ್ಮ ಆರ್ಡರ್ ಏನು?"

ಜಗದಾಳೆ ಮುಖ ಗಂಟಿಕ್ಕಿದ. "ಕಿತ್ತಳೆ ಅಂಗಿ ದಾಟಿದ ಮೇಲೆ ರಸ್ತೆ ಬಿಡಬೇಕು. ಅಷ್ಟೇ. ಒಳಗೆ ಯಾರಿದ್ದಾರೆ ಅಂತ ಆರ್ಡರಲ್ಲಿ ಬರೆದಿಲ್ಲ. ಬೇಗ ನಡೀರಮ್ಮ, ನನಗೂ ಹೊಟ್ಟೆ ಇದೆ."

ನಡೆದೆವು.

ದಾಂಡೇಕರ್ ಪುಲ್ ಎನ್ನುವ ಚೌಕದಲ್ಲಿ ತಡೆದು ನಿಲ್ಲಿಸಿದ್ದ ವಾಹನಗಳ ಸಾಲು. ಹಾರ್ನು. ಬೈಗುಳ. "ಮನೇಲಿ ಕೂರೋದು ಬಿಟ್ಟು ಇವಳಿಗ್ಯಾಕೆ ಸೈಕಲ್ಲು?" ಎಂದನೊಬ್ಬ ಕಾರಿನ ಗಾಜು ಇಳಿಸಿ. ಹೆಗಲಿನಲ್ಲಿ ಬೆಂಕಿ. ನಾಲಿಗೆ ಅಂಗುಳಕ್ಕೆ ಅಂಟಿತ್ತು. ಅವನಿಗೆ ಉತ್ತರ ಕೊಡಲು ಉಗುಳೂ ಇರಲಿಲ್ಲ. ಬಾಬನ್ ಕೊಟ್ಟ. "ಯಾವ ಬಣ್ಣದ ಕಾರು ಚಾಚಾ?" "ಬಿಳಿ." "ಪಾಪ, ಬಿಳಿ ಕಾರಿನವರಿಗೆ ಭಾನುವಾರ ಒಂದೇ ರಜೆ. ಬೈದುಕೊಳ್ಳಲಿ."

ಮ್ಹಾತ್ರೆ ಸೇತುವೆ. ಕಾರಿನವರಿಗೆ ಅದು ಏರು ಎಂದೇ ತಿಳಿಯುವುದಿಲ್ಲ. ನನ್ನ ಕೈಗೆ ತಿಳಿಯಿತು. ಅರ್ಧ ಏರುವಷ್ಟರಲ್ಲಿ ಪೆಡಲು ಕಲ್ಲಾಯಿತು. ಬೆವರು ಕಣ್ಣಿಗಿಳಿಯಿತು. ಅಂಗೈಗೆ ಸುತ್ತಿದ್ದ ಬಟ್ಟೆಯೊಳಗೆ ಹಳೆಯ ಬೊಬ್ಬೆ ಮತ್ತೆ ಒಡೆದು ಹಿಡಿಕೆ ಜಾರಿತು. ಸೈಕಲ್ಲು ಹಿಂದಕ್ಕೆ ಸರಿಯಿತು. ಹವಾಲ್ದಾರ "ಅರೇ ಅರೇ" ಎಂದ. ಬ್ರೇಕು ಹಾಕಿದೆ. ನಿಂತೆ. ಮತ್ತೆ ಹಿಡಿದೆ. ಒಂದು ಸುತ್ತು. ವಿಠ್ಠಲ. ಇನ್ನೊಂದು ಸುತ್ತು. ವಿಠ್ಠಲ. ಅಷ್ಟರಲ್ಲಿ ಸೈಕಲ್ಲು ಇದ್ದಕ್ಕಿದ್ದಂತೆ ಹಗುರಾಯಿತು.

ತಿರುಗಿ ನೋಡಿದೆ. ಮೃಣ್ಮಯಿ. ತನ್ನ ಸೈಕಲ್ಲು ಕಟ್ಟೆಗೆ ಒರಗಿಸಿ ನನ್ನ ಸೀಟಿಗೆ ಕೈ ಕೊಟ್ಟು ತಳ್ಳುತ್ತಿದ್ದಳು.

"ಕೈ ತೆಗಿ."

"ಸ್ವಲ್ಪ ಸಹಾಯ ಅಕ್ಕ..."

"ಕೈ ತೆಗಿ ಅಂದೆ."

ತೆಗೆದಳು. ಅವಳ ಕಣ್ಣಲ್ಲಿ ನೀರು ಬಂತು. ನನ್ನ ಸಿಟ್ಟು ಅವಳ ಮೇಲಲ್ಲ. ಆದರೆ ಆ ಹೊತ್ತಿನಲ್ಲಿ ಆರಿಸಿ ಸಿಟ್ಟು ಮಾಡುವಷ್ಟು ಉಸಿರು ನನ್ನಲ್ಲಿರಲಿಲ್ಲ.

"ಏನು ಮಾಡ್ಲಿ ಹಾಗಾದ್ರೆ?" ಎಂದಳು.

"ನಿಧಾನ ಬಾ. ಅಷ್ಟೇ. ಅದೊಂದು ನಿಮಗ್ಯಾರಿಗೂ ಬರಲ್ಲ."

ಅವಳು ಸೈಕಲ್ಲು ಹತ್ತಲಿಲ್ಲ. ಕೈಯಲ್ಲಿ ಹಿಡಿದು ನಡೆದಳು. ಫೋನು ಮತ್ತೆ ಬಡಿದುಕೊಂಡಿತು. ಅದನ್ನು ಆರಿಸಿ ಚೀಲಕ್ಕೆ ಹಾಕಿದಳು. ಸೇತುವೆಯ ನೆತ್ತಿ ಬಂತು. ಕೆಳಗೆ ನದಿ ಎಂಬ ಹೆಸರಿನ ಕಪ್ಪು ನೀರು.

ಇಳಿಜಾರು. ತಿರುವು. ಸವಾರಿ ಮುಗಿಯುವ ಮೈದಾನದ ಮೈಕಿನ ಸದ್ದು. ಅವಲಕ್ಕಿ ಪೋಹೆಯ ಒಗ್ಗರಣೆ ವಾಸನೆ. ಬಾಬನ್ "ಬಂತು" ಎಂದ. ನನ್ನ ಎದೆ ತುಂಬಿತು. ಅದನ್ನು ಮುಚ್ಚಿಡುವುದಿಲ್ಲ.

ಆಮೇಲೆ ಗೇಟು ಕಂಡಿತು.

ಮೈದಾನದ ಗೇಟಿನಲ್ಲಿ ಸ್ಕೂಟರುಗಳು ನುಗ್ಗದಂತೆ ಕಬ್ಬಿಣದ ಕಂಬಗಳನ್ನು ನೆಟ್ಟಿದ್ದರು. ಎರಡು ಗಾಲಿಯ ಸೈಕಲ್ಲು ದಾಟುವಷ್ಟೇ ಸಂದು. ಗಾಳಿ ತುಂಬಿದ ಮುಕ್ತಾಯದ ಕಮಾನು ಆ ಕಂಬಗಳ ಆಚೆ ಹುಲ್ಲಿನ ಮೇಲೆ ನಿಂತಿತ್ತು. 'ಎಲ್ಲರ ಸವಾರಿ' ಎಂದು ದೊಡ್ಡದಾಗಿ ಬರೆದಿತ್ತು. ಮೂರು ಗಾಲಿಯವರು ಇಲ್ಲಿ ಹೇಗೆ ನುಗ್ಗುತ್ತಾರೆ ಎಂದು ಯಾರ ತಲೆಗೂ ಹೊಳೆದಿರಲಿಲ್ಲ. ಯಾಕೆ ಹೊಳೆಯಬೇಕು? ಮೂರು ಗಾಲಿಯವರು ಟೆಂಪೋದಲ್ಲಿ ಬರುತ್ತಾರಲ್ಲ.

ಕಂಬಗಳ ಮುಂದೆ ಬ್ರೇಕು ಹಾಕಿದೆ.

ನಚಿಕೇತ್ ಸರ್ ಓಡಿ ಬಂದರು. ಮುಖ ಕೆಂಪಾಗಿತ್ತು, ನಗೆ ಮಾತ್ರ ಇತ್ತು. "ಅದ್ಭುತ ಅಕ್ಕ, ಅದ್ಭುತ! ಬನ್ನಿ. ಏ ಹುಡುಗ್ರಾ, ಎತ್ರೋ ಅಕ್ಕನ್ನ."

"ಎತ್ತಬೇಡಿ."

"ನಾಲ್ಕು ಹೆಜ್ಜೆ ಅಷ್ಟೇ..."

"ನಾಲ್ಕು ಹೆಜ್ಜೆಯಾದರೆ ಕಮಾನನ್ನೇ ಎತ್ತಿಕೊಂಡು ಬನ್ನಿ."

ಸುತ್ತ ನಿಂತವರು ನಕ್ಕರು. ತಮಾಷೆ ಎಂದುಕೊಂಡರು. ನಾನು ನಗಲಿಲ್ಲ. ನಗೆ ಒಂದೊಂದಾಗಿ ನಿಂತಿತು.

"ನೋಡಿ, ಇದು ಹಟ," ಎಂದರು ಸರ್. ನಗೆ ಈಗ ಅವರ ಮುಖದಿಂದಲೂ ಹೋಗಿತ್ತು. "ನಿಮಗೋಸ್ಕರ ಇಷ್ಟೆಲ್ಲ ಮಾಡ್ತೀವಿ. ಮುಖ್ಯ ಅತಿಥಿ ಕಾದು ಕಾದು ಹೊರಟುಹೋದರು. ಆ ಅಂಗಿ ಬಿಚ್ಚಿ ಕೊಡಿ, ಸಾಕು."

"ನೀವೇ ತೊಡಿಸಿದ್ದು. ಬಾಲ ಕಮಾನಿನ ಕೆಳಗೆ ನುಗ್ಗಿದ ಮೇಲೆ ಬಿಚ್ತೀನಿ."

ಅವರು ಹವಾಲ್ದಾರನ ಕಡೆ ತಿರುಗಿದರು. "ನೀವಾದ್ರೂ ಹೇಳಿ."

ಜಗದಾಳೆ ಹಿಂದೆ ನೋಡಿದ. ಸೇತುವೆಯ ಇಳಿಜಾರಿನ ತನಕ ಬಸ್ಸುಗಳು ನಿಂತಿದ್ದವು. "ನಾನೇನು ಹೇಳ್ಲಿ ಸರ್? ಅಂಗಿ ರಸ್ತೆ ಮೇಲಿದೆ. ಅಂಗಿ ರಸ್ತೆ ಮೇಲಿದ್ದರೆ ರಸ್ತೆ ಬಂದ್. ನೀವೇ ಸಹಿ ಹಾಕಿಸಿದ ಆರ್ಡರ್. ಬೇಗ ಏನಾದರೂ ಮಾಡಿ, ನನ್ನ ಚಹಾ ಆರ್ತಿದೆ."

ಯಾಕೂಬ್ ಚಾಚಾ ಜೋಡಿ ಸೈಕಲ್ಲನ್ನು ನನ್ನ ಪಕ್ಕ ನಿಲ್ಲಿಸಿದರು. ಅವರದು ಎರಡೇ ಗಾಲಿ. ಸಂದಿನಲ್ಲಿ ದಾಟಬಹುದಿತ್ತು. ದಾಟಲಿಲ್ಲ. ಬಾಬನ್ ಇಳಿದು, ತಡವಿ, ನನ್ನ ಸೈಕಲ್ಲಿನ ಹಿಡಿ ಹಿಡಿದು ನಿಂತ. ಮೃಣ್ಮಯಿ ನನ್ನ ಹಿಂದೆ ನಿಂತಳು. ಹಿಂದೆಯೇ. ಮುಂದೆ ಬರಲಿಲ್ಲ.

ಎಷ್ಟು ಹೊತ್ತು ಕೂತೆನೋ. ಮೈಕಿನವನು ಧನ್ಯವಾದ ಹೇಳಿ ಮುಗಿಸಿದ, ಮತ್ತೆ ಮೊದಲಿಂದ ಹೇಳಿದ. ಹಾರ್ನುಗಳು ಏರಿದವು. ಬಸ್ಸಿನಿಂದ ಇಳಿದ ಜನ ಈಗ ನನ್ನನ್ನು ಬಿಟ್ಟು ನಚಿಕೇತ್ ಸರ್‌ನನ್ನು ಬೈಯತೊಡಗಿದರು.

ಒಳಗೆ ಯಂತ್ರದ ಗುಂಯ್ ಶಬ್ದ ನಿಂತಿತು. ಆಮೇಲೆ ದೊಡ್ಡದೊಂದು ನಿಟ್ಟುಸಿರು.

"ಏನದು?" ಎಂದ ಬಾಬನ್.

"ಕಮಾನಿನ ಗಾಳಿ ಬಿಡ್ತಿದ್ದಾರೆ."

"ಮನೆಗೆ ಹೋಗೋಕಾ, ಇಲ್ಲಿಗೆ ತರೋಕಾ?"

ನನಗೆ ಗೊತ್ತಿರಲಿಲ್ಲ. ಬ್ರೇಕಿನ ಮೇಲೆ ಕೈ ಇಟ್ಟುಕೊಂಡೇ ಕೂತೆ.

ತಂದರು. ಮೈಗಂಟಿದ ಬಟ್ಟೆಯ ಗಂಡಸರು ಆ ರಬ್ಬರಿನ ರಾಶಿಯನ್ನು ಸತ್ತ ಎಮ್ಮೆಯನ್ನು ಎಳೆಯುವಂತೆ ಎಳೆದು ಕಂಬಗಳ ಮೇಲಿಂದ ದಾಟಿಸಿ ರಸ್ತೆಗೆ ತಂದರು. ಗಾಳಿಯ ಯಂತ್ರದ ತಂತಿ ಅಲ್ಲಿಯ ತನಕ ಬರಲಿಲ್ಲ. ಕಮಾನು ನಿಲ್ಲಲಿಲ್ಲ. ನಿಲ್ಲಿಸದೆ ನಾನು ನುಗ್ಗುವುದಿಲ್ಲ ಎಂದು ಹೇಳಬೇಕಾಗಿಯೂ ಬರಲಿಲ್ಲ. ಅವರು ನನ್ನ ಮುಖ ನೋಡಿದರು. ಆಮೇಲೆ ಆ ಕಡೆ ನಾಲ್ಕು ಜನ, ಈ ಕಡೆ ನಾಲ್ಕು ಜನ, ಆ ಭಾರವನ್ನು ತಲೆಯ ಮೇಲೆ ಕೈ ಚಾಚಿ ಎತ್ತಿ ಹಿಡಿದರು. ಈ ಕಡೆಯ ಮೊದಲಿನವರು ನಚಿಕೇತ್ ಸರ್.

ನಾನು ಅಂಗೈಯ ಬಟ್ಟೆ ಬಿಚ್ಚಿದೆ. ನೆತ್ತರು ಅಂಟಿತ್ತು. ಒಣಗಿದ ಕಡೆ ಮೇಲೆ ಬರುವಂತೆ ಮಡಚಿ ಮತ್ತೆ ಸುತ್ತಿದೆ. ಹಲ್ಲಿನಿಂದ ಗಂಟು ಬಿಗಿದೆ. ಅವಸರ ಮಾಡಲಿಲ್ಲ. ಸರ್‌ನ ತೋಳು ನಡುಗತೊಡಗಿತು. ಹಣೆಯ ಬೆವರು ಕಣ್ಣಿಗಿಳಿಯಿತು. ಒರೆಸಿಕೊಳ್ಳಲು ಅವರಿಗೆ ಕೈ ಬಿಡುವಿರಲಿಲ್ಲ.

"ಬೇಗ ಬನ್ನಿ ಅಕ್ಕ," ಎಂದರು. "ಹೆಗಲು ನೋಯ್ತಿದೆ."

"ಹೌದು," ಎಂದೆ. "ನೋಯುತ್ತೆ."

ಬ್ರೇಕು ತೆಗೆದೆ. ಪೆಡಲಿಗೆ ಕೈ ಹಾಕಿದೆ.